ಹಸಿರು ಟಿಕ್ಕಿನ ಕಾಲ

2003ರಲ್ಲಿ ಕೆಲಗೇರಿಯಲ್ಲಿ ನಾನು ಇಂಟರ್‌ನೆಟ್ ಸೆಂಟರ್ ತೆರೆದಾಗ ಇದ್ದದ್ದು ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಮಳೆ ಬಿದ್ದರೆ ಸಾಯುವ ಟೆಲಿಫೋನ್ ಲೈನು. ಗಿರಾಕಿಗಳೆಲ್ಲ ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯದ ಹುಡುಗರು. ಫಲಿತಾಂಶದ ದಿನ ಅವರ ಚಪ್ಪಲಿಗಳೇ ರಸ್ತೆವರೆಗೆ ಬರುತ್ತಿದ್ದವು. ಪೆನ್‌ಡ್ರೈವ್ ಬಂತು, ಬೆನ್ನಿಗೇ ವೈರಸ್ಸಿನ ಸುಗ್ಗಿ. ‘ನ್ಯೂ ಫೋಲ್ಡರ್’ ಎಂಬ ಹೆಸರು, ಫೋಲ್ಡರಿನದೇ ಚಿತ್ರ, ಒತ್ತಿದರೆ ಮುಗೀತು. ದಿನವೆಲ್ಲ ಫಾರ್ಮ್ಯಾಟ್ ಮಾಡಿ ಬೇಸತ್ತು ಆಂಟಿವೈರಸ್ ಸಿಡಿ ಮಾರತೊಡಗಿದೆ. ಸುಳ್ಳೇಕೆ, ಲಾಭ ಚೆನ್ನಾಗಿತ್ತು. “ಹಾಕಿಸ್ರಿ, ಆಮ್ಯಾಲೆ ನಿಶ್ಚಿಂತಿ” ಎಂದು ಎಷ್ಟು ಮಂದಿಗೆ ಹೇಳಿದೆನೋ!

ಆಗಲೂ ಅದು ಅರ್ಧ ನಿಜವೇ. 1986ರಲ್ಲಿ ಪಿಸಿಗಳಿಗೆ ಅಂಟಿದ ಮೊದಲ ವೈರಸ್ ‘ಬ್ರೇನ್’ ಬರೆದವರು ಲಾಹೋರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಇಬ್ಬರು ಅಣ್ಣತಮ್ಮಂದಿರು. ಅದರೊಳಗೆ ತಮ್ಮ ವಿಳಾಸ, ಫೋನ್ ನಂಬರನ್ನೂ ಹಾಕಿದ್ದರು. ಎಂಥ ಮರ್ಯಾದಸ್ಥ ಕಾಲ! 2000ದ ಮೇ ತಿಂಗಳಲ್ಲಿ ಜಗತ್ತಿನ ಲಕ್ಷಾಂತರ ಕಂಪ್ಯೂಟರ್ ಕೆಡಿಸಿದ್ದು ‘ಐ ಲವ್ ಯೂ’ ಎಂಬ ಈಮೇಲ್. ಪ್ರೇಮಪತ್ರವೆಂದು ಜನ ತಾವೇ ತೆರೆದರು. ಆಂಟಿವೈರಸ್ ಎಂದರೆ ಮೂಲತಃ ಜಾತ್ರೆಯಲ್ಲಿ ಪೊಲೀಸರು ಹಚ್ಚುವ ಕಿಸೆಗಳ್ಳರ ಫೋಟೊ ಬೋರ್ಡು. ಬೋರ್ಡಿನಲ್ಲಿದ್ದವನು ಸಿಗುತ್ತಾನೆ. ಹೊಸಬನ ನಡೆ ನೋಡಿ ಅನುಮಾನಿಸುವುದನ್ನೂ ಅದು ಆಮೇಲೆ ಕಲಿಯಿತು. ಆದರೆ ನಾವೇ ಕಿಸೆ ಬಿಚ್ಚಿ ಕೊಟ್ಟರೆ?

ಕಾರ್ಡಿನಿಂದ ಆನ್‌ಲೈನ್ ಖರೀದಿಗೆ ಎರಡನೆಯ ದೃಢೀಕರಣ ಬೇಕೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟಿನಿಂದ ಕಡ್ಡಾಯ ಮಾಡಿತು. ಬರಬರುತ್ತ ಒಟಿಪಿ ಮನೆಮಾತಾಯಿತು. ಬೀಗ ಗಟ್ಟಿಯಾದಂತೆ ಕಳ್ಳ ಬೀಗ ಮುರಿಯುವುದು ಬಿಟ್ಟು ಕೀಲಿಕೈ ಕೇಳತೊಡಗಿದ. 2016ರಲ್ಲಿ ಯುಪಿಐ ಬಂತು. ಮೊದಲು ರೊಕ್ಕ ಕಳಿಸಲು ಬ್ಯಾಂಕಿಗೆ ಹೋಗಿ ಚಲನ್ ತುಂಬಿ ಸಾಲಿನಲ್ಲಿ ನಿಲ್ಲಬೇಕಿತ್ತು, ಕೌಂಟರಿನವರು ತಲೆಯೆತ್ತಿ “ಯಾರಿಗ್ರೀ ಇಷ್ಟು?” ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿದ್ದ ಆ ಪ್ರಶ್ನೆ ಯಾವ ಆ್ಯಪಿನಲ್ಲೂ ಇಲ್ಲ.

ಮೂರು ವರ್ಷದ ಹಿಂದೆ ನಿವೃತ್ತ ಮಾಸ್ತರೊಬ್ಬರು ಅಂಗಡಿಗೆ ಬಂದು ಫೋನ್ ಮುಂದಿಟ್ಟರು.

“ನೋಡಪಾ, ಆಂಟಿವೈರಸ್ ನೀನ ಹಾಕಿಕೊಟ್ಟಿದ್ದಿ. ಹಸರ ಟಿಕ್ ಹಂಗ ಐತಿ. ರೊಕ್ಕ ಅಷ್ಟ ಹೋಗ್ಯಾವ.”

ಕೆವೈಸಿ ಅವಧಿ ಮುಗಿದಿದೆ ಎಂದು ಕರೆ ಬಂದಿತ್ತು. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿದ್ದರು. ಇಂಥ ಆ್ಯಪುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಆದರೆ ಆ್ಯಪ್ ವೈರಸ್ಸಲ್ಲ, ಕಂಪನಿಗಳು ದಿನವೂ ಬಳಸುವಂಥದ್ದು. ಹಾಕಿದ್ದು, ಪಿನ್ ಒತ್ತಿದ್ದು ಎರಡೂ ಮಾಸ್ತರ ಬೆರಳೇ. ನನ್ನ ಆಂಟಿವೈರಸ್ ಯಾರನ್ನು ಹಿಡಿಯಬೇಕು?

“ಮಾಸ್ತರ, ಅದು ಫೋನ್ ಕಾಯತೈತಿ, ಫೋನಿನ್ಯಾಗ ಮಾತಾಡಾವರನ್ನಲ್ಲ,” ಎಂದೆ. ಮಾರುವಾಗ ಇದನ್ನು ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೆಂದು ಅವರೂ ಕೇಳಿದರು.

2024ರ ಅಕ್ಟೋಬರ್ 27ರಂದು ಪ್ರಧಾನಿ ‘ಮನದ ಮಾತು’ ಕಾರ್ಯಕ್ರಮದಲ್ಲಿ ಪೊಲೀಸರೆಂದು ಹೇಳಿ ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಕರೆಯೊಂದನ್ನು ಕೇಳಿಸಿದರು. ಅದನ್ನು ರೆಕಾರ್ಡ್ ಮಾಡಿದವರು ನಮ್ಮ ವಿಜಯಪುರದವರು. ಅಲ್ಲಿ ವೈರಸ್ ಇಲ್ಲ, ಲಿಂಕ್ ಇಲ್ಲ. ಬರೀ ಮಾತು, ಬರೀ ಅಂಜಿಕೆ.

ಸಿಡಿ ಇಡುತ್ತಿದ್ದ ಗಾಜಿನ ಕಪಾಟಿನ ಮೇಲೆ ಈಗ ದಪ್ಪಕ್ಷರದಲ್ಲಿ ಸೈಬರ್ ವಂಚನೆ ಸಹಾಯವಾಣಿ 1930 ಎಂದು ಬರೆದು ಅಂಟಿಸಿದ್ದೇನೆ. ರೊಕ್ಕ ಹೋದ ತಕ್ಷಣ ಮೊದಲು ಆ ನಂಬರಿಗೆ ಫೋನ್ ಮಾಡಿರಿ. ನನ್ನ ಅಂಗಡಿಗೆ ಆಮೇಲೆ ಬರ್ರಿ.