ಜೋಜಿ ಲಾ ಏರಿದ ಉಕ್ಕಿನ ರಥಗಳು

ಕಾಶ್ಮೀರದ ಕಣಿವೆಗೂ ಲಡಾಖಿನ ಶೀತಮರುಭೂಮಿಗೂ ನಡುವೆ, 11,500 ಅಡಿಗೂ ಮಿಗಿಲಾದ ಔನ್ನತ್ಯದಲ್ಲಿ ನಿಂತಿರುವ ಜೋಜಿ ಲಾ ಘಟ್ಟ ಅನೇಕ ರಾಜ್ಯಗಳ ಉದಯಾಸ್ತಮಾನಗಳಿಗೆ ಸಾಕ್ಷಿಯಾದ ಮಹಾದ್ವಾರ. ಹದಿನಾಲ್ಕನೆಯ ಶತಮಾನದಲ್ಲಿ ಲಡಾಖಿನಿಂದ ಈ ದಾರಿಯಾಗಿ ಆಶ್ರಯ ಅರಸಿ ಬಂದ ರಿಂಚನನು ಕಾಶ್ಮೀರದ ಸಿಂಹಾಸನವನ್ನೇ ಏರಿದನು. 1533ರಲ್ಲಿ ಮಿರ್ಜಾ ಹೈದರ್ ದುಘಲಾತ್ ಕಾಶ್ಘರದ ಸೇನೆಯೊಡನೆ ಈ ಘಟ್ಟವನ್ನಿಳಿದನು. ಈ ದ್ವಾರ ಯಾರ ವಶದಲ್ಲಿದೆಯೋ ಲಡಾಖಿನ ವಿಧಿಯೂ ಅವರ ವಶದಲ್ಲೇ ಎಂಬುದು ಆ ಶತಮಾನಗಳ ಅನುಭವ. ನವಸ್ವತಂತ್ರ ಭಾರತಕ್ಕೆ ಆ ಪರೀಕ್ಷೆ ಬಂದದ್ದು 1948ರಲ್ಲಿ, ಕಾಶ್ಮೀರಕ್ಕಾಗಿ ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ. ಬೇಸಿಗೆ ಮುಗಿಯುವ ಮೊದಲೇ ಕಾರ್ಗಿಲ್, ದ್ರಾಸ್, ಜೋಜಿ ಲಾ ಮೂರೂ ಶತ್ರುವಿನ ಕೈಸೇರಿದ್ದವು. ತಿಂಗಳುಗಟ್ಟಲೆ ಮುತ್ತಿಗೆ ತಾಳಿದ ಬಾಲ್ಟಿಸ್ತಾನದ ಸ್ಕಾರ್ದು ಆಗಸ್ಟ್ 14ರಂದು ಪತನಗೊಂಡಿತು. ಕಾಶ್ಮೀರದಿಂದ ಲಡಾಖಿನ ಮುಖ್ಯ ಪಟ್ಟಣ ಲೇಹ್‌ಗೆ ಭೂಮಾರ್ಗವೇ ಕಡಿದುಹೋಯಿತು.

ಸೆಪ್ಟೆಂಬರಿನಲ್ಲಿ 77ನೆಯ ಪ್ಯಾರಾಶೂಟ್ ಬ್ರಿಗೇಡಿನ ಪದಾತಿಗಳು ಘಟ್ಟವನ್ನು ಭೇದಿಸಲು ಮುನ್ನುಗ್ಗಿದರು. ಶೌರ್ಯಕ್ಕೆ ಕೊರತೆಯಿರಲಿಲ್ಲ, ಆದರೆ ಬಂಡೆಗಳ ಗುಹೆಗಳಲ್ಲಿ ಅಡಗಿದ್ದ ಮೆಷಿನ್‌ಗನ್‌ಗಳೆದುರು ಮನುಷ್ಯದೇಹವೊಂದೇ ಏನು ಮಾಡೀತು? ಆಗ ಡಿವಿಜನ್ನಿನ ಅಧಿಪತಿಯಾಗಿದ್ದ ಕೊಡಗಿನ ವೀರ ಕೆ. ಎಸ್. ತಿಮ್ಮಯ್ಯನವರು, ಅನ್ಯರು ಕಲ್ಪಿಸಲೂ ಅಂಜುವ ಸಂಕಲ್ಪವೊಂದನ್ನು ತಳೆದರು: ಹಿಮಶಿಖರಗಳ ನಡುವೆ ಟ್ಯಾಂಕುಗಳನ್ನು ಏರಿಸುವುದು. ಅವರ ಮೇಲಧಿಕಾರಿಯಾಗಿ ಪಶ್ಚಿಮ ರಂಗದ ಸೂತ್ರ ಹಿಡಿದಿದ್ದವರೂ ಕೊಡಗಿನವರೇ ಆದ ಕೆ. ಎಂ. ಕಾರ್ಯಪ್ಪ. ರಾಜಿಂದರ್ ಸಿಂಗ್ 'ಸ್ಪ್ಯಾರೋ' ನಾಯಕತ್ವದ 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮುವಿನ ಕಡೆಯಿಂದ ಹೊರಟವು. ದುರ್ಬಲ ಸೇತುವೆಗಳು ಭಾರ ತಾಳಲೆಂದೂ ಗುಟ್ಟು ಬಯಲಾಗದಿರಲೆಂದೂ ಅವುಗಳ ಗೋಪುರಗಳನ್ನು ಕಳಚಿ ಸಾಗಿಸಿ, ಬಳಿಕ ಮರಳಿ ಜೋಡಿಸಿದರು. ಘಟ್ಟದ ಬುಡದ ಬಾಲ್ತಾಲದಿಂದ ಮೇಲಕ್ಕಿದ್ದುದು ಹೇಸರಗತ್ತೆಗಳು ನಡೆಯುವ ಹಾದಿ ಮಾತ್ರ. ಮೇಜರ್ ತಂಗರಾಜು ಅವರ ಮದ್ರಾಸ್ ಸ್ಯಾಪರ್‌ಗಳು, ಅಂದರೆ ಸೇನಾ ಎಂಜಿನಿಯರುಗಳು, ಕೊರೆಯುವ ಚಳಿಯಲ್ಲಿ, ಶತ್ರುವಿನ ಗುಂಡಿನ ಭಯದ ನಡುವೆ, ಬಂಡೆ ಸಿಡಿಸಿ ಅದನ್ನು ಟ್ಯಾಂಕು ಏರುವ ರಸ್ತೆಯಾಗಿಸಿದರು. ವಿಜಯಗಾಥೆಗಳು ಸೇನಾನಿಗಳನ್ನು ಸ್ಮರಿಸುವಷ್ಟು ಈ ಮಾರ್ಗಕಾರರನ್ನು ಸ್ಮರಿಸಿಲ್ಲವೆಂಬುದು ನನ್ನ ಮನಸ್ಸಿಗೆ ನೋವಿನ ವಿಷಯ.

ಪ್ರತಿಕೂಲ ಹವೆಯಿಂದ ಮುಂದಕ್ಕೆ ಹೋಗಿದ್ದ ದಾಳಿ ನವೆಂಬರ್ 1ರಂದು ಆರಂಭವಾಯಿತು. ಮುಂಚೂಣಿಯ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯನವರಿದ್ದರು. ಇಷ್ಟೆತ್ತರದಲ್ಲಿ ಕವಚವಾಹನ ಕಾಣಿಸೀತೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. 37 ಮಿಲಿಮೀಟರ್ ಫಿರಂಗಿಗಳು ಬಂಕರುಗಳ ಬಾಯಿಗೇ ಗುರಿಯಿಟ್ಟು ಅವುಗಳನ್ನು ಮೌನಗೊಳಿಸಿದವು. ಹಿಂದೆಯೇ ನಡೆದ ಪಟಿಯಾಲಾ ಪಡೆಯ ಪದಾತಿಗಳು ಘಟ್ಟದಾಚೆಯ ಗುಮ್ರಿಯ ಬಯಲಿಗೆ ನುಗ್ಗಿ, ಸುತ್ತಣ ದಿಣ್ಣೆಗಳನ್ನು ವಶಪಡಿಸಿಕೊಂಡರು. ಪದಾತಿಯಿಲ್ಲದ ಟ್ಯಾಂಕು ಗೆದ್ದ ನೆಲವನ್ನು ಉಳಿಸಿಕೊಳ್ಳಲಾರದು, ಟ್ಯಾಂಕಿಲ್ಲದ ಪದಾತಿಗೆ ಆ ನೆಲವನ್ನು ಮುಟ್ಟಲೇ ಆಗಿರಲಿಲ್ಲ. ನವೆಂಬರ್ ಮಧ್ಯಭಾಗದಲ್ಲಿ ದ್ರಾಸ್ ಮರಳಿ ದೊರೆಯಿತು. ತಿಂಗಳು ಮುಗಿಯುವ ಮುನ್ನ ಕಾರ್ಗಿಲ್ ಕೂಡ. ಸ್ಕಾರ್ದು ಮಾತ್ರ ಮರಳಲಿಲ್ಲ. 1949ರ ಜನವರಿ 1ರಂದು ಕದನವಿರಾಮ ಜಾರಿಯಾದಾಗ ಲೇಹ್‌ನ ದಾರಿ ಭಾರತದ ಕೈಯಲ್ಲಿತ್ತು.

ಎರಡೇ ವಾರಗಳಲ್ಲಿ, ಜನವರಿ 15ರಂದು, ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. 1957ರಲ್ಲಿ ಅದೇ ಸೇನೆಯ ಮುಖ್ಯಸ್ಥಸ್ಥಾನ ತಿಮ್ಮಯ್ಯನವರಿಗೂ ಒಲಿಯಿತು. ಜೋಜಿ ಲಾಗೆ ಟ್ಯಾಂಕು ಏರಿದ ಆ ರಸ್ತೆಯನ್ನು ನಿರ್ಮಿಸಿದ ಮದ್ರಾಸ್ ಸ್ಯಾಪರ್‌ಗಳ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಹಲಸೂರು ಕೆರೆಯ ಬಳಿ.