ಗಾಜಿನ ಮನೆಯಲ್ಲಿ ಬಿದ್ದ ಬಿರುಕು

1969ರ ಜುಲೈ. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ. ಅಧ್ಯಕ್ಷರು ನಮ್ಮ ನಿಜಲಿಂಗಪ್ಪ. ಬ್ಯಾಂಕ್ ರಾಷ್ಟ್ರೀಕರಣದ ಮಾತಿದ್ದ ಇಂದಿರಾ ಟಿಪ್ಪಣಿಗೆ ಎರಡೂ ಬಣ ತಲೆಯಾಡಿಸಿದವು. ಹಾಗಾದ್ರೆ ಜಗಳ ಯಾತಕ್ಕೆ?

ರಾಷ್ಟ್ರಪತಿ ಅಭ್ಯರ್ಥಿ ಯಾರು ಅನ್ನೋದಕ್ಕೆ! ಹಿರಿಯರ ಸಿಂಡಿಕೇಟ್ ಸಂಜೀವ ರೆಡ್ಡಿಯನ್ನು ಆರಿಸಿತು; ಇಂದಿರಾ ಮಾತು ನಡೆಯಲಿಲ್ಲ. ಒಂದೇ ವಾರದಲ್ಲಿ ಮೊರಾರ್ಜಿ ಕೈಯಿಂದ ಹಣಕಾಸು ಖಾತೆ ಹೋಯ್ತು, 14 ಬ್ಯಾಂಕ್ ಸರ್ಕಾರದ್ದಾದವು. ಆಗಸ್ಟ್‌ನಲ್ಲಿ ಇಂದಿರಾ ಬೆಂಬಲದ ಗಿರಿ ಗೆದ್ದರು. ನವೆಂಬರ್ 12ಕ್ಕೆ ನಿಜಲಿಂಗಪ್ಪ ಪ್ರಧಾನಿಯನ್ನೇ ಉಚ್ಚಾಟಿಸಿದರು. ಪಕ್ಷ ಒಡೆಯಿತು.

ಎಡ-ಬಲದ ಸಮರ ಅಂತಾರೆ. ನೋಡಿ, ಸಿದ್ಧಾಂತ ಇತ್ತು. ಆದ್ರೆ ಅದು ಕುರ್ಚಿ ಜಗಳಕ್ಕೆ ಸಿಕ್ಕ ಆಯುಧ. ಇಂದಿರಾ ಬಣವೇ ಕಾಂಗ್ರೆಸ್ ಆಯ್ತು. 1972ರ ನಂತರ 20 ವರ್ಷ ಪಕ್ಷದೊಳಗೆ ಸಾಂಸ್ಥಿಕ ಚುನಾವಣೆಯೇ ನಡೆಯಲಿಲ್ಲ. ಬಣಗಳಿದ್ದಾಗ ನಾಯಕರಿಗೆ ‘ಇಲ್ಲ’ ಅನ್ನೋರಾದರೂ ಇದ್ದರು!