ಕಾದಂಬರಿ ರಂಗವೇರಿದಾಗ ಕಥೆ ಹೇಳುವವರು ಯಾರು?

ಬಹಳ ವರ್ಷಗಳ ಹಿಂದೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ, "ಒಪೇರಾ ಎಂದರೇನು ಸರ್?" ಎಂದು ಕೇಳಿದ್ದ. "ನಮ್ಮ ದೊಡ್ಡಾಟದ ಹಾಗೆ, ಹಾಡಿ ಆಡುವ ನಾಟಕ" ಎಂದಿದ್ದೆ. ಆ ಉತ್ತರ ಅರ್ಧ ಮಾತ್ರ ಸರಿ. ದೊಡ್ಡಾಟದಲ್ಲಿ ಪಾತ್ರಗಳ ಜೊತೆಗೆ ಕಥೆ ನಡೆಸುವ ಭಾಗವತನಿರುತ್ತಾನೆ. ಒಪೇರಾದಲ್ಲಿ ಸಾಮಾನ್ಯವಾಗಿ ಅಂಥವನಿರುವುದಿಲ್ಲ; ಪಾತ್ರಗಳೇ ಹಾಡಬೇಕು. ಹಾಗಾದರೆ ಕಾದಂಬರಿಯೊಂದನ್ನು ಒಪೇರಾ ಮಾಡುವಾಗ ಅದನ್ನು ಹೇಳುತ್ತಿದ್ದ ದನಿ ಏನಾಗುತ್ತದೆ?

ಅಮೆರಿಕದ ಹರ್ಮನ್ ಮೆಲ್ವಿಲ್‌ನ 'ಮೊಬಿ ಡಿಕ್' (1851) 2010ರಲ್ಲಿ ಡಲ್ಲಾಸ್ ನಗರದಲ್ಲಿ ಒಪೇರಾ ಆಯಿತು. ಸಂಗೀತ ಜೇಕ್ ಹೆಗಿ, ಸಾಹಿತ್ಯ ಜೀನ್ ಶೀರ್. ಕಾದಂಬರಿಯಲ್ಲಿ ನಿರೂಪಕನು ಮೊದಲಿಗೇ ತನ್ನ ಹೆಸರು ಹೇಳಿಕೊಳ್ಳುತ್ತಾನೆ. ಒಪೇರಾದಲ್ಲಿ ಅವನು ಹೆಸರಿಲ್ಲದ ಹೊಸ ನಾವಿಕ. ಹಡಗು ಮುಳುಗಿ, ಉಳಿದವನು ತಾನೊಬ್ಬನೇ ಆದಾಗ, ಕಟ್ಟಕಡೆಗೆ ಹೆಸರು ಹೇಳುತ್ತಾನೆ. ಕಥೆ ಹೇಳುವ ಅಧಿಕಾರ ಅವನಿಗೆ ಬಂದದ್ದು ಆಗಲೇ. ಜಾಣ ಪರಿಹಾರ!

ಅದೇ 2010ರಲ್ಲಿ ಮೈಸೂರಿನ ರಂಗಾಯಣವು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯನ್ನು ರಂಗಕ್ಕೆ ತಂದಿತು. ನಿರ್ದೇಶನ ಸಿ. ಬಸವಲಿಂಗಯ್ಯ, ರಂಗರೂಪ ಕೆ.ವೈ. ನಾರಾಯಣಸ್ವಾಮಿ, ಸಂಗೀತ ಹಂಸಲೇಖ. ಇದು ಒಪೇರಾ ಅಲ್ಲ, ಮಾತೂ ಉಂಟು. ಆದರೆ ಸುಮಾರು ಒಂಬತ್ತು ಗಂಟೆಗಳ ಕಾಲ ಹಾಡೇ ಕಥೆಯನ್ನು ಹೊತ್ತು ಸಾಗುತ್ತದೆ. 2013ರಲ್ಲಿ ಬೆಂಗಳೂರಿನ ಕಲಾಗ್ರಾಮದಲ್ಲಿ ನಾನು ನೋಡಿದೆ. ರಾತ್ರಿಯಿಡೀ ಒಂದು ರಂಗದಿಂದ ಇನ್ನೊಂದಕ್ಕೆ ಎದ್ದು ನಡೆಯಬೇಕು. ನನ್ನ ಮೊಣಕಾಲುಗಳಿಗೆ ಅದು ಇಂದಿಗೂ ನೆನಪಿದೆ. ತುಂಗೆಯ ಪ್ರವಾಹವನ್ನೂ ಗುತ್ತಿಯ ನಾಯಿ ಹುಲಿಯನನ್ನೂ ಹೇಗೆ ತೋರಿಸುವರೆಂಬ ಕುತೂಹಲದಿಂದ ಹೋಗಿದ್ದೆ. ನನ್ನನ್ನು ಹಿಡಿದು ನಿಲ್ಲಿಸಿದವರು ಬೇರೆಯವರು. ಕುವೆಂಪು ಅವರ ನಿರೂಪಣೆಯನ್ನು ಅಲ್ಲಿ ಜೋಗಿಗಳು, ಹೆಳವರಂಥ ಅಲೆಮಾರಿ ಕಥೆಗಾರರಿಗೆ ಒಪ್ಪಿಸಿದ್ದರು.

ಹೆಳವ! ರಂಗಂಪೇಟೆಯ ನಮ್ಮ ಮನೆಗೂ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಹೆಳವ ಬರುತ್ತಿದ್ದ. ಏಳು ತಲೆಮಾರಿನ ಹೆಸರುಗಳನ್ನು ರಾಗವಾಗಿ ಹೇಳುತ್ತಿದ್ದ. ಅಜ್ಜಿ ಮೊರದ ತುಂಬ ಜೋಳ ತಂದು ಸುರಿಯುತ್ತಿದ್ದಳು. ಆಗಷ್ಟೇ ಮಾಸ್ತರನಾಗಿದ್ದ ನಾನು ಒಂದು ವರ್ಷ ಅವನ ಮುಂದೆ ನೋಟುಬುಕ್ಕು ಹಿಡಿದು ಕುಳಿತೆ. "ಹಾಡು ಬ್ಯಾಡ, ಹೆಸರಷ್ಟ ಹೇಳು" ಎಂದೆ. ಅವನು ಹೇಳಿದ, ನಾನು ಬರೆದುಕೊಂಡೆ. ಇನ್ನು ಮುಂದೆ ಬರುವ ಅಗತ್ಯವಿಲ್ಲವೆಂದೂ ಹೇಳಿಬಿಟ್ಟೆ. ಅಜ್ಜಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಕಲಾಗ್ರಾಮದಿಂದ ಮರಳಿದ ಮೇಲೆ ಆ ನೋಟುಬುಕ್ಕನ್ನು ಹುಡುಕಿ ತೆಗೆದೆ. ಹೆಸರುಗಳೆಲ್ಲ ಇವೆ. ಯಾರು ಯಾರೊಡನೆ ಜಗಳವಾಡಿದರು, ಯಾವ ಬರದಲ್ಲಿ ಊರು ಬಿಟ್ಟರು ಎಂಬುದೆಲ್ಲ ಹಾಡಿನಲ್ಲಿತ್ತು. ಅದನ್ನು ನಾನೇ ಬೇಡವೆಂದಿದ್ದೆ. ನಮ್ಮ ಹಿರಿಯರು ಕೃಷ್ಣೆಯನ್ನು ದಾಟಿ ಬಂದ ಭಾಗವನ್ನು ಅವನು ದನಿ ತಗ್ಗಿಸಿ ಹಾಡುತ್ತಿದ್ದನೆಂಬುದಷ್ಟೇ ನನಗೆ ನೆನಪು. ಬಂಧುಗಳಲ್ಲಿ ಯಾರಿಗಾದರೂ ಅದರ ಒಂದೆರಡು ಸಾಲು ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿರಿ.